ಮಲಗೋ ಹೊತ್ತಿನ ಕಥೆಗೆ ಎಂಥ ಕಾಡು ಬೇಕು?

[ಪರದೆ ಮೇಲೆ: ಎರಡು ಪುಸ್ತಕ, ಎರಡರ ಮುಖಪುಟದಲ್ಲೂ ಮೊಲ]

ನಮಸ್ಕಾರ. ಎರಡರಲ್ಲೂ ಮೊಲ ಇದೆ, ಹಸಿರು ಕಾಡಿದೆ, ಮೇಲೆ ಚಂದಮಾಮ. ರಾತ್ರಿ ಮಗುವಿಗೆ ಓದಿ ಹೇಳೋಕೆ ಯಾವುದು ಒಳ್ಳೇದು?

ಮೊಲದ ಜಾಗದಲ್ಲಿ ಒಬ್ಬ ಹುಡುಗನನ್ನ ಇಟ್ಟು ನೋಡಿ. ಕಥೆ ಒಂಚೂರೂ ಬದಲಾಗಲಿಲ್ಲ ಅಂದ್ರೆ ಮೊಲ ಬರೀ ವೇಷ. ಹಲ್ಲುಜ್ಜದ ಮೊಲ, ಶಾಲೆಗೆ ಹೋಗಲ್ಲ ಅಂತ ಹಟ ಹಿಡಿಯೋ ಮೊಲ... ಬುದ್ಧಿವಾದಕ್ಕೆ ಬಾಲ ಅಂಟಿಸಿದ ಹಾಗೆ! ಓದಬೇಡಿ ಅಂತಲ್ಲ. ಆದ್ರೆ ಅದು ಕಾಡಿನ ಕಥೆ ಅಲ್ಲ.

ಈಗ ಇದನ್ನ ಕೇಳಿ.

[ದೀಪ ಮಂದ. ನಿಧಾನ ದನಿ]

"ಗೂಬೆ ಕೊಂಬೆ ಬಿಟ್ಟು ಹಾರಿತು. ರೆಕ್ಕೆ ಬಡಿಯಿತು, ಸದ್ದೇ ಇಲ್ಲ. ಕೆಳಗೆ ಇಲಿ ಕಿವಿ ನಿಮಿರಿಸಿತು. ಏನೂ ಕೇಳಿಸಲಿಲ್ಲ."

ನಾಲ್ಕೇ ಸಾಲು, ಮಗು ಹೊದಿಕೆ ಎಳ್ಕೊಂಡು ಹತ್ತಿರ ಬರುತ್ತೆ. ಇಲ್ಲಿ ಕಥೆ ಹುಟ್ಟಿದ್ದೇ ಗೂಬೆಯ ಗರಿಯಿಂದ. ಅದರ ರೆಕ್ಕೆಯ ಮುಂದಿನ ಅಂಚಿನಲ್ಲಿ ಬಾಚಣಿಗೆಯಂಥ ಸಣ್ಣ ಹಲ್ಲುಗಳಿವೆ. ಗಾಳಿ ಅಲ್ಲಿ ಸೀಳಿ ಹೋಗೋದ್ರಿಂದ ಹಾರಾಟದ ಸದ್ದು ಅಡಗುತ್ತೆ. ಇದನ್ನ ವಿವರಿಸ್ತಾ ಕೂರಬೇಕಿಲ್ಲ. ನಿಜ ಸಂಗತಿ ಒಳಗಿದ್ರೆ ಕಥೆಗೆ ತಾನಾಗೇ ಬಿಗಿ ಬರುತ್ತೆ.

"ಇಲಿ ಸತ್ತುಹೋಗುತ್ತಾ?" ಅಂತ ಮಗು ಕೇಳೇ ಕೇಳುತ್ತೆ. ಕಾಡಲ್ಲಿ ಬೇಟೆ ಇಲ್ಲ ಅಂತ ಸುಳ್ಳು ಹೇಳೋ ಪುಸ್ತಕ ನನಗೆ ಹಿಡಿಸಲ್ಲ. ಆದ್ರೆ ಮಲಗೋ ಹೊತ್ತಿನ ಕಥೆ ಭಯದ ತುದಿಯಲ್ಲಿ ನಿಲ್ಲಬಾರದು. ಹಾಗಾಗಿ ಕೊನೇ ಎರಡು ಪುಟ ಮೊದಲೇ ಓದ್ಕೊಳ್ಳಿ. ಇಲಿ ಬಿಲ ಸೇರ್ಬೇಕು, ಮಳೆ ನಿಲ್ಬೇಕು, ನಾಚಿಕೆಮುಳ್ಳು ಎಲೆ ಮಡಚ್ಕೋಬೇಕು. ಅದು ಮುಟ್ಟಿದಾಗ ಮಾತ್ರ ಅಲ್ಲ, ರಾತ್ರಿಯಾದ್ರೂ ಮಡಚ್ಕೊಳ್ಳುತ್ತೆ.

ಆಮೇಲೆ ಒಂದು ಪುಟ ಬಾಯಿಬಿಟ್ಟು ಓದಿ. ಕಣ್ಣಿಗೆ ಚೆಂದ ಕಂಡ ಎಷ್ಟೋ ವಾಕ್ಯ ನಾಲಿಗೆ ಮೇಲೆ ಮುಗ್ಗರಿಸುತ್ತೆ. "ರಮಣೀಯ ವನಸಿರಿ" ಅಂತ ಶುರುವಾದ್ರೆ ಅಲ್ಲೇ ಮುಚ್ಚಿಡಿ. ತೊಟ ತೊಟ, ಸರ ಸರ, ಗುಟುರ್ ಗುಟುರ್ ಇರೋ ಕಥೆ ಹುಡುಕಿ. ಕನ್ನಡದಲ್ಲಿ ಇಂಥ ಸದ್ದಿಗೆ ಬರವೇ ಇಲ್ಲ. ಮೊದಲ ಅರ್ಧ ಓಡಲಿ, ಕೊನೆಗೆ ವಾಕ್ಯಗಳು ಚಿಕ್ಕದಾಗ್ತಾ ಬರಲಿ.

ಎರಡು-ಮೂರು ವರ್ಷದವರಿಗೆ ಒಂದೇ ಪ್ರಾಣಿ, ಮತ್ತೆ ಮತ್ತೆ ಬರೋ ಒಂದೇ ಸಾಲು ಸಾಕು. ಐದು ದಾಟಿದವರಿಗೆ ಏನಾದ್ರೂ ಒಗಟು ಬೇಕು.

[ಪರದೆ ಮೇಲೆ: ತಲೆಕೆಳಗಾಗಿ ಮಲಗಿದ ಬಾವಲಿ]

ಬಾವಲಿ ನಿದ್ದೆಯಲ್ಲಿ ಯಾಕೆ ಬೀಳಲ್ಲ? ಜೋತುಬಿದ್ದಾಗ ಅದರ ಮೈಭಾರಕ್ಕೇ ಕಾಲಿನ ಸ್ನಾಯುರಜ್ಜು ಬಿಗಿದು ಬೆರಳು ಕಚ್ಕೊಳ್ಳುತ್ತೆ. ಹಿಡ್ಕೊಳ್ಳೋಕೆ ಶ್ರಮ ಬೇಡ, ಬಿಡೋಕೇ ಬೇಕು. ಇಂಥ ಒಂದು ಪ್ರಶ್ನೆಗೆ ಉತ್ತರ ಹೇಳಿ. ಎರಡನೇದು, ಮೂರನೇದು ಬಂದ್ರೆ ಅದು ಕುತೂಹಲ ಅಲ್ಲ, ನಿದ್ದೆ ಮುಂದೂಡೋ ಉಪಾಯ. "ಬೆಳಿಗ್ಗೆ ನೋಡೋಣ" ಅಂತ ಪುಸ್ತಕ ಮಡಚಿಡಿ.