ಗೇರುಬೀಜದ ಪಾಠ ಹೊತ್ತು ಅಮೆರಿಕಕ್ಕೆ

ಆಕಾಶವಾಣಿ ಮಂಗಳೂರು ಕೇಂದ್ರದ ಕೇಳುಗರಿಗೆ ನಮಸ್ಕಾರ.

ನಾನು ಕಾರ್ಕಳ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು. ಅಧ್ಯಾಪಕರಿಗೆಂದೇ ಇರುವ ಫುಲ್‌ಬ್ರೈಟ್ ಫೆಲೋಶಿಪ್‌ಗೆ ಆಯ್ಕೆಯಾಗಿದ್ದೇನೆ, ಇನ್ನು ಸ್ವಲ್ಪ ದಿನಗಳಲ್ಲಿ ಅಮೆರಿಕಕ್ಕೆ ಹೊರಡಬೇಕು. ವಿಷಯ ಗೊತ್ತಾದಲ್ಲಿಂದ ಸ್ಟಾಫ್ ರೂಮಿನಲ್ಲೂ ಬಸ್ಸಿನಲ್ಲೂ ಒಂದೇ ಪ್ರಶ್ನೆ: "ಕನ್ನಡ ಮೀಡಿಯಂ ಶಾಲೆಯ ಟೀಚರಿಗೆ ಅಲ್ಲಿ ಎಂಥ ಕೆಲಸ ಮಾರಾಯ್ರೆ?" ಕೇಳಬೇಕಾದ ಪ್ರಶ್ನೆಯೇ.

ಮೊದಲು ಈ ಫೆಲೋಶಿಪ್ ಬಗ್ಗೆ ಎರಡು ಮಾತು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯ ಸಾಮಾನು ಹೊರದೇಶಗಳಲ್ಲಿ ರಾಶಿ ಬಿದ್ದಿತ್ತು. ಅದನ್ನು ಮಾರಿದ ಹಣದಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ದೇಶದಿಂದ ದೇಶಕ್ಕೆ ಹೋಗಿ ಕಲಿತು ಬರಲಿ ಎಂದು ಯೋಚನೆ ಹಾಕಿದವರು ಸೆನೆಟರ್ ವಿಲಿಯಂ ಫುಲ್‌ಬ್ರೈಟ್. 1946ರಲ್ಲಿ ಅದು ಕಾನೂನಾಯಿತು. 1950ರಲ್ಲಿ ಭಾರತವೂ ಸೇರಿತು. 2008ರ ಒಪ್ಪಂದದ ನಂತರ ನಮ್ಮ ಸರಕಾರ ಇದರಲ್ಲಿ ಸಮಪಾಲುದಾರ. ಪ್ರೌಢಶಾಲೆಯವರ ವಿಭಾಗ ಆರು ವಾರದ್ದು. ವಿಶ್ವವಿದ್ಯಾಲಯದಲ್ಲಿ ತರಬೇತಿ, ಜೊತೆಗೆ ಹತ್ತಿರದ ಶಾಲೆಯೊಂದರಲ್ಲಿ ಅಲ್ಲಿನ ಅಧ್ಯಾಪಕರ ಸಂಗಡ ತರಗತಿ. ಡಿಗ್ರಿ ಏನೂ ಸಿಗುವುದಿಲ್ಲ.

ನನ್ನ ಆಸಕ್ತಿ ಜಾಗತಿಕ ಶಿಕ್ಷಣ, ಅಂದರೆ ನಮ್ಮ ಬದುಕಿಗೂ ಹೊರಜಗತ್ತಿಗೂ ಇರುವ ನಂಟನ್ನು ತಿಳಿಯುವ ಪಾಠ. ನಮ್ಮ ಶಾಲೆಗಳಲ್ಲಿ ಅದೆಂದರೆ ಹೆಚ್ಚಾಗಿ ಅಕ್ಟೋಬರ್ 24ರ ವಿಶ್ವಸಂಸ್ಥೆಯ ದಿನ. ಚಾರ್ಟಿನಲ್ಲಿ ಬಾವುಟಗಳು, ಒಂದು ಭಾಷಣ, ಒಂದು ಚಾಕಲೇಟು. ಮಕ್ಕಳಿಗೆ ನೆನಪುಳಿಯುವುದು ಚಾಕಲೇಟು ಮಾತ್ರ. 2030ರೊಳಗೆ ಕಲಿಯುವ ಎಲ್ಲರಿಗೂ ವಿಶ್ವ ಪೌರತ್ವದ ತಿಳಿವಳಿಕೆ ಸಿಗಬೇಕೆಂದು 2015ರಲ್ಲಿ ದೇಶಗಳೆಲ್ಲ ಸೇರಿ ಒಪ್ಪಿದ್ದವು. ಒಪ್ಪುವುದು ಸುಲಭ, ಒಂಬತ್ತನೇ ತರಗತಿಯಲ್ಲಿ ಅದನ್ನು ಪಾಠ ಮಾಡುವುದು ಹೇಗೆ?

ನಾನು ಹಿಡಿದದ್ದು ಗೇರುಬೀಜ. ನಮ್ಮ ಶಾಲೆಯ ಎಷ್ಟೋ ಮಕ್ಕಳ ಅಮ್ಮಂದಿರು ದುಡಿಯುವುದು ಗೇರುಬೀಜದ ಕಾರ್ಖಾನೆಯಲ್ಲಿ. ಒಡೆಯುವಾಗ ಚಿಪ್ಪಿನ ಎಣ್ಣೆ ತಾಗಿ ಬೆರಳ ತುದಿ ಕಪ್ಪಾಗುತ್ತದೆ, ತೊಳೆದರೂ ಬಿಡುವುದಿಲ್ಲ. ಗೇರು ಮರ ಬ್ರೆಜಿಲಿನದು, ಪೋರ್ಚುಗೀಸರು ತಂದದ್ದು. ಇಲ್ಲಿನ ಬೆಳೆ ಕಾರ್ಖಾನೆಗಳಿಗೆ ಸಾಲುವುದಿಲ್ಲ, ಹಾಗಾಗಿ ಟಾಂಜಾನಿಯಾ, ಬೆನಿನ್ ಮುಂತಾದ ಆಫ್ರಿಕಾದ ದೇಶಗಳಿಂದ ಹಸಿಬೀಜ ಹಡಗಿನಲ್ಲಿ ಬರುತ್ತದೆ. ಸುಲಿದ ಬೀಜವನ್ನು ಗ್ರೇಡ್ ಮಾಡುತ್ತಾರೆ: 180, 240, 320. ಈ ನಂಬರು ಏನೆಂದು ತರಗತಿಯಲ್ಲಿ ಕೇಳಿದೆ. ರೇಟು ಎಂದ ಒಬ್ಬ. ಹಿಂದಿನ ಬೆಂಚಿನ ಹುಡುಗಿ ಎದ್ದು, "ಒಂದು ಪೌಂಡಿಗೆ ಅಷ್ಟು ಬೀಜ ಟೀಚರ್, ನಂಬರ್ ಕಡಿಮೆಯಾದ ಹಾಗೆ ಬೀಜ ದೊಡ್ಡದು" ಎಂದಳು. ಅಮ್ಮನಿಂದ ಕಲಿತದ್ದು. ಕೂಡಲೇ ಇನ್ನೊಬ್ಬ, "ನಾವು ತೂಗುವುದು ಕಿಲೋದಲ್ಲಿ, ಇದು ಯಾಕೆ ಪೌಂಡು?" ಎಂದ. ಅಲ್ಲಿಗೆ ಪಾಠ ಶುರುವಾಯಿತು. ಕೊಳ್ಳುವವರು ಯಾರು, ಅಳತೆ ಯಾರದ್ದು, ಟಾಂಜಾನಿಯಾದ ರೈತನಿಗೆ ಎಷ್ಟು ಸಿಗುತ್ತದೆ, ನಮ್ಮ ಅಮ್ಮನಿಗೆ ಎಷ್ಟು?

ಇದು ಇವತ್ತಿನ ಕತೆ ಮಾತ್ರ ಅಲ್ಲ. ಹನ್ನೆರಡನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಟ್ಯುನೀಸಿಯಾ ಕಡೆಯಿಂದ ಬಂದು ವರ್ಷಗಟ್ಟಲೆ ಮಂಗಳೂರಿನಲ್ಲಿದ್ದ. ಇಲ್ಲಿ ಕಂಚಿನ ಪಾತ್ರೆ ಮಾಡಿಸುತ್ತಿದ್ದ, ಅಡಿಕೆ, ಕರಿಮೆಣಸು, ಏಲಕ್ಕಿ ಕಳುಹಿಸುತ್ತಿದ್ದ. ಅವನ ಪತ್ರಗಳು ಸಿಕ್ಕಿದ್ದು ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದಲ್ಲಿ. ಅವನಿಗೆ ಬರೆಯುವ ಕಾಗದ ಏಡನ್‌ನಿಂದ ಬರುತ್ತಿತ್ತಂತೆ ಎಂದರೆ ನಮ್ಮ ಮಕ್ಕಳಿಗೆ ಭಾರೀ ಖುಷಿ.

ಇಷ್ಟೆಲ್ಲ ಊರಲ್ಲೇ ಇದ್ದರೆ ಅಮೆರಿಕಕ್ಕೆ ಯಾಕೆ? ಪ್ರಶ್ನೆ ಎದ್ದ ಮೇಲೆ ಹೆಚ್ಚಿನ ದಿನ ಉತ್ತರ ಹೇಳಿಬಿಡುವುದು ನಾನೇ. ಪೀರಿಯಡ್ ಮುಗಿಯುತ್ತದೆ, ಮುಂದೆ ಎಸೆಸೆಲ್ಸಿ ನಿಂತಿದೆ. ಫಲಿತಾಂಶದಲ್ಲಿ ಉಡುಪಿಗೂ ದಕ್ಷಿಣ ಕನ್ನಡಕ್ಕೂ ಇರುವ ಪೈಪೋಟಿ ನಿಮಗೆ ಗೊತ್ತೇ ಇದೆ. ಮಕ್ಕಳೇ ದಾಖಲೆ ಹುಡುಕಿ, ಜಗಳವಾಡಿ, ತಿದ್ದಿಕೊಳ್ಳುವ ಹಾಗೆ ಪಾಠ ನಡೆಸುವುದು ಹೇಗೆ, ಅದಕ್ಕೆ ಅಂಕ ಕೊಡುವುದು ಹೇಗೆ ಎಂಬುದನ್ನು ದಿನವೂ ಮಾಡುವವರ ತರಗತಿಯಲ್ಲಿ ಕೂತು ನೋಡಬೇಕು. ಅಲ್ಲಿನದೆಲ್ಲ ಇಲ್ಲಿಗೆ ಹೊಂದುತ್ತದೆ ಎಂಬ ಭ್ರಮೆ ನನಗಿಲ್ಲ. ನಮ್ಮಲ್ಲೂ ಅವರಿಗೆ ತೋರಿಸುವಂಥದ್ದು ಇದೆ. ನನ್ನ ತರಗತಿಯಲ್ಲಿ ತುಳು, ಕೊಂಕಣಿ, ಬ್ಯಾರಿ ಮಾತಾಡುವವರಿದ್ದಾರೆ. ಕಟ್ಟಡ ಕೆಲಸಕ್ಕೆ ಬಂದ ಬಾಗಲಕೋಟೆ, ಕೊಪ್ಪಳ ಕಡೆಯವರ ಮಕ್ಕಳಿದ್ದಾರೆ. ನಾನು ಹೇಳಿದ್ದು ಅರ್ಥವಾಗದಿದ್ದರೆ ಪಕ್ಕದವಳು ಮೆಲ್ಲಗೆ ಲಂಬಾಣಿಯಲ್ಲಿ ಹೇಳಿಕೊಡುತ್ತಾಳೆ. ಈ ವ್ಯವಸ್ಥೆಗೆ ಯಾವ ತರಬೇತಿಯೂ ನಡೆದಿಲ್ಲ.

ಕಷ್ಟದ ಭಾಗ ವೀಸಾ ಅಲ್ಲ, ಪಾಠ. ನನ್ನ ತರಗತಿಗಳನ್ನು ಸಹೋದ್ಯೋಗಿಗಳು ಹಂಚಿಕೊಂಡಿದ್ದಾರೆ. ಅವರಿಗಾಗಲೇ ಕೆಲಸ ಹೆಚ್ಚು. 2020ರ ಶಿಕ್ಷಣ ನೀತಿ ಅಧ್ಯಾಪಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿಪರ ಕಲಿಕೆ ಬೇಕೆನ್ನುತ್ತದೆ. ಒಳ್ಳೆಯದೇ. ಆದರೆ ಕಲಿಯಲು ಹೋದವರ ಜಾಗಕ್ಕೆ ಒಬ್ಬ ಅತಿಥಿ ಶಿಕ್ಷಕರನ್ನಾದರೂ ಕೊಡದಿದ್ದರೆ ಹೋಗುವವರಿಗೆ ಧೈರ್ಯ ಬರುವುದು ಹೇಗೆ?

ಕೇಳುತ್ತಿರುವ ಅಧ್ಯಾಪಕರೇ, ಅರ್ಜಿ ಹಾಕಲು ಕೆಲವು ವರ್ಷಗಳ ಬೋಧನಾನುಭವ ಬೇಕು, ಇಂಗ್ಲಿಷಿನಲ್ಲಿ ವ್ಯವಹರಿಸಲು ಬರಬೇಕು. ಪ್ರಬಂಧ ಬರೆಯುವಾಗ ದೊಡ್ಡ ಮಾತು ಬಿಟ್ಟು ನಿಮ್ಮ ತರಗತಿಯದ್ದನ್ನೇ ಬರೆಯಿರಿ. ಇಲಾಖೆಯ ಅನುಮತಿಗೆ ಬೇಗ ಬರೆದುಕೊಳ್ಳಿ, ಕಾಗದ ಮೇಜಿನಿಂದ ಮೇಜಿಗೆ ಹೋಗಲು ಸಮಯ ಬೇಕಾಗುತ್ತದೆ. ಪಾಸ್‌ಪೋರ್ಟ್ ಇಲ್ಲದಿದ್ದರೆ ಅದನ್ನು ಈಗಲೇ ಮಾಡಿಸಿಡಿ.

ನಮಸ್ಕಾರ.