ಪೈಪಿನ ಮೇಲ್ಮೈ, ಪೈಪಿನ ಕೆಳಮೈ

ಕೇಳುಗರಿಗೆ ನಮಸ್ಕಾರ.

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ನಾನು ಹಲವು ವರ್ಷ ಮೀಟರು ನೋಡಿಕೊಂಡಿದ್ದವನು. ಒಂದು ಹಂಗಾಮಿನಲ್ಲಿ ಅಡ್ಡಕ್ಕೆ ಹೋದ ನೀರಿನ ಪೈಪಿನ ಬೆಸುಗೆ ಎರಡನೇ ಸಲ ಸೀಳಿತು. ನನ್ನ ಮೀಟರಿನಲ್ಲೋ ಎಲ್ಲ ಸರಿ. ಹಿರಿಯ ಫಿಟ್ಟರೊಬ್ಬರು ಪೈಪಿನ ಹೊದಿಕೆ ಬಿಚ್ಚಿಸಿದರು. ರೊಟ್ಟಿ ಹಂಚು ಕಾದಿದೆಯೋ ಇಲ್ಲವೋ ಎಂದು ನೋಡುವ ಹಾಗೆ ನೀರು ಚಿಮುಕಿಸಿದರು. ಮೇಲೆ ಬಿದ್ದ ಹನಿ ಚುರ್ ಎಂದು ಆರಿಹೋಯಿತು. ಒದ್ದೆ ಅರಿವೆಯಿಂದ ಕೆಳಮೈ ಒರೆಸಿದರು, ಸದ್ದೇ ಇಲ್ಲ. "ನಿಮ್ಮ ಮೀಟರ ಅರ್ಧಾನ ಖರೇ ಹೇಳತೈತ್ರಿ ಸರ. ಇದು ಒಂದ ಪೈಪ್ ಅಲ್ಲ, ಎರಡ" ಅಂದರು.

ಅಣು ವಿದ್ಯುತ್ ಸ್ಥಾವರಗಳ ಪೈಪುಗಳ ಬಗ್ಗೆ ಮಾತಾಡಲು ಕುಳಿತಾಗ ನನಗೆ ಮೊದಲು ನೆನಪಾಗುವುದು ಆ ಒದ್ದೆ ಅರಿವೆ. 1987ರ ಡಿಸೆಂಬರಿನಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಫಾರ್ಲಿ ಸ್ಥಾವರದಲ್ಲಿ, ತುರ್ತು ನೀರು ಹಾಯಿಸುವ ಪೈಪೊಂದು ಬಿರುಕುಬಿಟ್ಟು ಸೋರಿತು. ಮುಚ್ಚಿದ್ದ ವಾಲ್ವು ಒಳಗೊಳಗೇ ತಣ್ಣೀರು ಬಿಡುತ್ತಿತ್ತು. ಬಕೆಟ್ಟಿನ ತಣ್ಣೀರ ಮೇಲೆ ಬಿಸಿನೀರನ್ನು ಮೆಲ್ಲಗೆ ಸುರಿದು, ಕಲಸದೆ ಕೈಯಿಟ್ಟು ನೋಡಿ. ಮೇಲೆ ಸುಡುತ್ತದೆ, ತಳದಲ್ಲಿ ತಣ್ಣಗಿರುತ್ತದೆ. ಅಡ್ಡ ಪೈಪಿನೊಳಗೂ ಹಾಗೇ ಎರಡು ಪದರ ನಿಲ್ಲುತ್ತವೆ.

ನಿಂತರೆ ಏನಾಯಿತು? 1 ಮೀಟರ್ ಸ್ಟೇನ್‌ಲೆಸ್ ಉಕ್ಕು 100 ಡಿಗ್ರಿ ಹೆಚ್ಚು ಕಾದರೆ ಸುಮಾರು 1.7 ಮಿಲಿಮೀಟರ್ ಬೆಳೆಯುತ್ತದೆ. ಮೇಲ್ಭಾಗ ಬೆಳೆದು ಕೆಳಭಾಗ ಬೆಳೆಯದಿದ್ದರೆ ಪೈಪು ಬಿಲ್ಲಿನಂತೆ ಬಾಗಬೇಕು. ಬಾಗಲು ಬಿಡದೆ ಹಿಡಿದಿಟ್ಟರೆ ಆ ಜಗ್ಗಾಟವೆಲ್ಲ ಲೋಹದೊಳಗೇ ಉಳಿಯುತ್ತದೆ. ಒಂದು ಸಲಕ್ಕೆ ಉಕ್ಕು ಸೋಲುವುದಿಲ್ಲ. ಬಿಸಿ ತಂಪಿನ ನಡುವಿನ ಗೆರೆ ದಿನವೂ ಮೇಲೆ ಕೆಳಗೆ ಆಡುತ್ತಿದ್ದರೆ ಮಾತ್ರ ದಣಿಯುತ್ತದೆ. ಉಷ್ಣ ದಣಿವು ಎನ್ನುವುದು ಇದಕ್ಕೇ.

ಇದನ್ನು ಹಿಡಿಯಲು ಎರಡು ಬಗೆಯ ಲೋಹದ ತಂತಿಗಳ ತುದಿ ಕೂಡಿಸಿದ ಥರ್ಮೋಕಪಲ್ ಬಳಸುತ್ತಾರೆ. ಅದು ಕೊಡುವ ವಿದ್ಯುತ್ತು 1 ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್, ಅಷ್ಟೇ. ಪೈಪಿನ ನೆತ್ತಿಯಿಂದ ತಳದವರೆಗೆ ಇಂಥ ಹಲವನ್ನು ಸಾಲಾಗಿಟ್ಟು, ಉಕ್ಕಿನ ಪಟ್ಟಿಯಿಂದ ಹೊರಮೈಗೆ ಬಿಗಿಯುತ್ತಾರೆ. ಕೊರೆದು ಒಳಗೇ ಇಡಬಾರದೇ? ಜಪಾನಿನ ಮೊಂಜು ರಿಯಾಕ್ಟರಿನಲ್ಲಿ, ಬಿಸಿ ಸಾಗಿಸಲು ನೀರಿನ ಬದಲು ಕರಗಿದ ಸೋಡಿಯಂ ಲೋಹ ಹರಿಯುವ ಪೈಪಿನಲ್ಲಿ ಹಾಗೆ ಇಟ್ಟಿದ್ದರು. 1995ರ ಡಿಸೆಂಬರ್ 8ರಂದು ಹರಿವಿನ ರಭಸಕ್ಕೆ ನಡುಗಿ ನಡುಗಿ ಆ ಉಷ್ಣಮಾಪಕದ ಕೊಳವೆಯೇ ಮುರಿಯಿತು. ಸೋಡಿಯಂ ಸೋರಿ ಬೆಂಕಿ ಹತ್ತಿತು. ಜ್ವರ ನೋಡಲು ಹೋಗಿ ಗಾಯ ಮಾಡಿದ ಹಾಗಾಯಿತು.

ಹೊರಗೆ ಕಟ್ಟಿದರೂ ಒಂದು ತೊಡಕಿದೆ. ನಮ್ಮ ಕಡೆಯ ಮಣ್ಣಿನ ಮಾಳಿಗೆ ಮನೆಗಳನ್ನು ನೆನೆಸಿಕೊಳ್ಳಿ. ದಪ್ಪ ಗೋಡೆಗೆ ಮಧ್ಯಾಹ್ನ ಬಿದ್ದ ಬಿಸಿಲು ಒಳಗೆ ಬರುವ ಹೊತ್ತಿಗೆ ರಾತ್ರಿಯಾಗಿರುತ್ತದೆ, ಅದೂ ಸೊರಗಿ ಬರುತ್ತದೆ. ನಡುವೆ ಮೋಡ ಹಾದುಹೋದದ್ದು ಒಳಗಿನವರಿಗೆ ಗೊತ್ತೇ ಆಗುವುದಿಲ್ಲ. ಪೈಪಿನ ಗೋಡೆಯೂ ಹಾಗೆಯೇ, ಇಲ್ಲಿ ಸುದ್ದಿ ಒಳಗಿನಿಂದ ಹೊರಗೆ ಬರುತ್ತದೆ ಎನ್ನುವುದೊಂದೇ ವ್ಯತ್ಯಾಸ. ಹತ್ತು ನಿಮಿಷಕ್ಕೊಮ್ಮೆ ಆಗುವ ಏರಿಳಿತ ಸಲೀಸಾಗಿ ಹೊರಮೈಗೆ ಬರುತ್ತದೆ. ಸೆಕೆಂಡಿಗೊಮ್ಮೆ ಆಗುವುದು ಮಾತ್ರ ಸ್ಟೇನ್‌ಲೆಸ್ ಉಕ್ಕಿನಲ್ಲಿ ಮಿಲಿಮೀಟರಿಗೊಮ್ಮೆ ಹೆಚ್ಚುಕಡಿಮೆ ಅರ್ಧಕ್ಕಿಂತ ಕೆಳಗೆ ಕುಗ್ಗುತ್ತ, 10 ಮಿಲಿಮೀಟರ್ ದಾಟುವಷ್ಟರಲ್ಲಿ ಸಾವಿರದ ಒಂದು ಪಾಲೂ ಉಳಿದಿರುವುದಿಲ್ಲ.

ಫ್ರಾನ್ಸಿನ ಸಿವೋ ಸ್ಥಾವರದಲ್ಲಿ 1998ರ ಮೇ 12ರಂದು, ಬಿಸಿನೀರೂ ತಣ್ಣೀರೂ ಕೂಡುವ ಜಾಗದ ಮುಂದಿನ ಬಾಗಿನಲ್ಲಿ ಸುಮಾರು 18 ಸೆಂಟಿಮೀಟರ್ ಸೀಳು ಬಿಟ್ಟಿತು. ಗಂಟೆಗೆ 30 ಸಾವಿರ ಲೀಟರಿನಷ್ಟು ನೀರು ಹೊರಬಿತ್ತು. ಘಟಕ ಗ್ರಿಡ್ಡಿಗೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಕೂಡುವ ಜಾಗದಲ್ಲಿ ನೀರು ಸುಳಿಸುಳಿಯಾಗಿ ಕ್ಷಣಕ್ಕೊಂದು ಬಿಸಿ ಮುಟ್ಟಿಸುತ್ತದೆ. ಅಲ್ಲಿ ಹೊರಗಿನ ತಂತಿಯೊಂದನ್ನೇ ನಂಬಿ ಕೂರಲಾಗದು. ಪ್ರಯೋಗಶಾಲೆಯಲ್ಲಿ ಮಾದರಿ ಪೈಪು ಮಾಡಿ, ಒಳಮೈಯಲ್ಲೇ ತಂತಿ ಹುದುಗಿಸಿ ನೋಡುತ್ತಾರೆ.

ಅಳೆದದ್ದನ್ನೆಲ್ಲ ಕಂಪ್ಯೂಟರು ಖಾತೆ ಪುಸ್ತಕದಂತೆ ಬರೆದಿಡುತ್ತದೆ. ದೊಡ್ಡ ಏರಿಳಿತ ಎಷ್ಟು, ಸಣ್ಣವೆಷ್ಟು, ಒಂದೊಂದೂ ಆಯುಷ್ಯದ ಎಷ್ಟು ಪಾಲು ತಿಂದಿತು ಎಂದು ಕೂಡಿಸುತ್ತ ಹೋಗುತ್ತದೆ. ಮೊತ್ತ 1 ಮುಟ್ಟಿದರೆ ಲೆಕ್ಕದ ಪ್ರಕಾರ ಆಯುಷ್ಯ ಮುಗಿಯಿತು. ಸ್ಥಾವರ ನಿಲ್ಲಿಸಿ ಮತ್ತೆ ಶುರು ಮಾಡುವುದು ಈ ಖಾತೆಯ ದೊಡ್ಡ ಖರ್ಚು. ನಮ್ಮ ಕೈಗಾದ ಮೊದಲನೇ ಘಟಕ 962 ದಿನ ನಿಲ್ಲದೆ ಓಡಿ 2018ರ ಡಿಸೆಂಬರ್ 31ಕ್ಕೆ ನಿಂತಿತಲ್ಲ, ಆಗ ಎಲ್ಲರೂ ವಿಶ್ವದಾಖಲೆಯ ಮಾತಾಡಿದರು. ನನಗೆ ಹೊಳೆದದ್ದು, ಇಷ್ಟು ದಿನ ಒಮ್ಮೆಯೂ ಅಲ್ಲಿಯ ಪೈಪುಗಳು ಪೂರ್ತಿ ತಣ್ಣಗಾಗಿ ಮತ್ತೆ ಕಾಯಬೇಕಾಗಲಿಲ್ಲವಲ್ಲ ಎಂದು.

ಅಂದಹಾಗೆ, ನಮ್ಮ ಪೈಪಿನ ತಳಕ್ಕೂ ಅದೇ ವಾರ ಒಂದು ಥರ್ಮೋಕಪಲ್ ಕಟ್ಟಿದೆವು. ಮೊದಲ ರಾತ್ರಿಯೇ ನೆತ್ತಿಗೂ ತಳಕ್ಕೂ 60 ಡಿಗ್ರಿ ಅಂತರ ತೋರಿಸಿತು. ಹತ್ತಿರದ ವಾಲ್ವು ಬಿಚ್ಚಿದರೆ, ಅದರ ಸೀಟಿನ ಮೇಲೆ, ಅಂದರೆ ಮುಚ್ಚಳ ಕೂರುವ ಜಾಗದಲ್ಲಿ, ಕೂದಲೆಳೆಯಂಥ ಒಂದು ಗೀರು.