ನಡುವೆ ಅನ್ನ, ಸುತ್ತ ನಾಲ್ಕು ಬಟ್ಟಲು

ಕೇಳುಗರಿಗೆ ನಮಸ್ಕಾರ.

ಹಾಸನದಲ್ಲಿ ಮನೆಮಂದಿಯೆಲ್ಲ ಹೊರಗೆ ಊಟಕ್ಕೆ ಹೊರಟರೆ, ಎಲ್ಲಿಗೆ ಎಂಬ ಚರ್ಚೆ ಬಹಳ ಹೊತ್ತು ನಡೆಯುವುದಿಲ್ಲ. ಮುದ್ದೆಯೂಟ, ಬಿರಿಯಾನಿ, ಇಲ್ಲವೇ ಮಸಾಲೆ ದೋಸೆ, ಅಲ್ಲಿಗೆ ಮುಗಿಯಿತು. ಹಾಗಿರುವಾಗ ನಮ್ಮ ಬಡಾವಣೆಯ ಹಿಂದಿನ ರಸ್ತೆಯಲ್ಲಿ, ಥಾಯ್ಲೆಂಡಿನ ಫುಕೆಟ್‌ನ ಹೋಟೆಲೊಂದರ ಅಡುಗೆಮನೆಯಲ್ಲಿ ಹಲವು ವರ್ಷ ದುಡಿದು ಊರಿಗೆ ಮರಳಿದ ಸಕಲೇಶಪುರದ ಕಡೆಯವರೊಬ್ಬರು ಹೆಂಡತಿಯೊಡನೆ ಸೇರಿ ಐದೇ ಮೇಜುಗಳ ಥಾಯ್ ಊಟದ ಮನೆಯೊಂದನ್ನು ತೆರೆದಾಗ, ಮಕ್ಕಳ ಹಟಕ್ಕೆ ನಾವೂ ಹೋದೆವು.

ಮೊದಲ ಸಲ ನಮ್ಮ ಊಟ ಕೆಟ್ಟಿತು. ತಪ್ಪು ಅಡುಗೆಯವರದಲ್ಲ, ನಮ್ಮದೇ. ದರ್ಶಿನಿಯಲ್ಲಿ ಟೋಕನ್ ತೆಗೆದುಕೊಳ್ಳುವ ಅಭ್ಯಾಸದಲ್ಲಿ ಒಬ್ಬೊಬ್ಬರೂ ಒಂದೊಂದು ಹೇಳಿದೆವು. ಯಜಮಾನರ ಮುಂದೆ ಅನ್ನವಿಲ್ಲದ ಹಸಿರು ಕರಿ, ನನ್ನ ಮುಂದೆ ಕಣ್ಣಲ್ಲಿ ನೀರು ಬರಿಸುವ ಪರಂಗಿಕಾಯಿಯ ಸೊಮ್ ತಾಮ್, ಮಗನ ಮುಂದೆ ನೂಡಲ್ಸ್. ಅತ್ತೆಯವರು ಬರೀ ಹುಳಿನೀರಿನಂಥ ಸಾರನ್ನು ಎರಡು ಚಮಚ ಕುಡಿದು ಕೈಬಿಟ್ಟರು. ಎರಡನೆಯ ಸಲ ಹೋದಾಗ ಆತನೇ ಮೇಜಿನ ಬಳಿ ಬಂದು, "ಅಕ್ಕಾ, ಮನೆಯಲ್ಲಿ ಹೇಗೆ ಉಣ್ಣುತ್ತೀರೋ ಹಾಗೆಯೇ ಹೇಳಿ" ಎಂದರು.

ಆ ಮಾತಿನ ಅರ್ಥ ನನಗೆ ಆಮೇಲೆ ಹೊಳೆಯಿತು. ಥಾಯ್ ಭಾಷೆಯಲ್ಲಿ ಊಟ ಮಾಡುವುದಕ್ಕೆ 'ಕಿನ್ ಖಾವ್' ಎನ್ನುತ್ತಾರೆ. ಅದರ ನೇರ ಅರ್ಥ ಅನ್ನ ತಿನ್ನುವುದು. ನಾವು ಎದುರಾದವರನ್ನು 'ಊಟ ಆಯಿತೇ' ಎಂದು ಮಾತನಾಡಿಸುವಂತೆ ಅವರೂ 'ಅನ್ನ ತಿಂದಿರಾ' ಎಂದೇ ವಿಚಾರಿಸುತ್ತಾರೆ. ನಡುವೆ ಅನ್ನ, ಅದರ ಸುತ್ತ ಒಂದು ಹುಳಿಖಾರದ ಸಾರು, ಒಂದು ತೆಂಗಿನಹಾಲಿನ ಕರಿ, ಕುಟ್ಟಿದ ಕೋಸಂಬರಿಯಂಥದ್ದೊಂದು, ಬಾಡಿಸಿದ ಸೊಪ್ಪೊಂದು. ಇವೆಲ್ಲ ಇಡೀ ಮೇಜಿಗೆ ಸೇರಿದವು, ಯಾರೊಬ್ಬರ ತಟ್ಟೆಗೂ ಸೇರಿದವಲ್ಲ. ಕರಿಯ ಜಿಡ್ಡನ್ನು ಸಾರಿನ ಹುಳಿ ಕತ್ತರಿಸುತ್ತದೆ, ಸೊಮ್ ತಾಮ್‌ನ ಖಾರವನ್ನು ಅನ್ನ ತಣಿಸುತ್ತದೆ. ಬೇರೆ ಬೇರೆಯಾಗಿ ತಿಂದಾಗ ನಮಗೆ ಸೇರದಿದ್ದ ಪದಾರ್ಥಗಳೇ ಒಟ್ಟಿಗೆ ಬಂದಾಗ ರುಚಿಸಿದವು.

ಆದರೆ ಒಂದೇ ಬಟ್ಟಲಿಗೆ ಎಲ್ಲರೂ ಚಮಚ ಹಾಕುವುದೆಂದರೆ ಎಂಜಲಾಗುವುದಿಲ್ಲವೇ ಎಂದು ಅತ್ತೆಯವರು ತಕರಾರು ತೆಗೆದರು. ಆ ದೇಶದಲ್ಲಿ ಪ್ರತಿ ಬಟ್ಟಲಿಗೂ 'ಚೊನ್ ಕ್ಲಾಂಗ್' ಎಂಬ ಬೇರೆ ಚಮಚ ಇರುತ್ತದೆ, ಎಂದರೆ ನಡುವಿನ ಚಮಚ. ಅದರಿಂದ ಒಂದೆರಡು ಚಮಚದಷ್ಟನ್ನೇ ಅನ್ನದ ಮೇಲೆ ಬಡಿಸಿಕೊಂಡು ತಿಂದು, ಬೇಕಾದರೆ ಮತ್ತೆ ಬಡಿಸಿಕೊಳ್ಳುತ್ತಾರೆ. ನಮ್ಮ ಯಜಮಾನರು ಅಂಜಿದ್ದ ಚಾಪ್‌ಸ್ಟಿಕ್ ಕಡ್ಡಿಗಳು ಅಲ್ಲಿ ಹೆಚ್ಚಾಗಿ ನೂಡಲ್ಸಿಗೆ ಮಾತ್ರ. ಅನ್ನವನ್ನು ಬಲಗೈಯ ಚಮಚದಲ್ಲೇ ಉಣ್ಣುತ್ತಾರೆ, ಎಡಗೈಯ ಫೋರ್ಕು ಅನ್ನವನ್ನು ಚಮಚಕ್ಕೆ ನೂಕಲಷ್ಟೇ.

ಅಂದು ಶನಿವಾರ, ಅತ್ತೆಯವರು ಆ ದಿನ ಮೀನುಮಾಂಸ ಮುಟ್ಟುವವರಲ್ಲ. ಈ ವಿಷಯದಲ್ಲಿ ಕೇಳುಗರು ಎಚ್ಚರದಿಂದಿರಬೇಕು. ತರಕಾರಿಯ ಕರಿ ಎಂದು ಬರೆದಿದ್ದರೂ ಅದರಲ್ಲಿ ಮೀನು ಇರಬಹುದು. ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ಇಳಿಸಿದ 'ನಾಮ್ ಪ್ಲಾ' ಎಂಬ ರಸವೇ ಆ ಅಡುಗೆಗೆ ಉಪ್ಪು; ಕರಿಯ ಮಸಾಲೆಗೆ ಹುದುಗಿಸಿದ ಸೀಗಡಿಯನ್ನೂ ಅರೆಯುತ್ತಾರೆ. ಅದರ ಹೆಸರು 'ಕಪಿ' ಎಂದು ತಿಳಿದು ಮಕ್ಕಳು ನಕ್ಕದ್ದು ನಿಲ್ಲಲಿಲ್ಲ. ಕೇಳಿದ್ದರಿಂದ ಆತ ಸೀಗಡಿ ಹಾಕದೆ ಅರೆದಿಟ್ಟ ಮಸಾಲೆ ಬಳಸಿ, ಮೀನಿನ ರಸದ ಬದಲು ಸೋಯಾ ರಸ ಹಾಕಿ ಕೊಟ್ಟರು. ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಹಸಿರು ಕರಿಯನ್ನು ಮಾಡುವುದನ್ನು ಅಡುಗೆಮನೆಯ ಬಾಗಿಲಲ್ಲೇ ನಿಂತು ನೋಡಿದೆ. ಅರಸೀಕೆರೆಯ ತೆಂಗಿನಕಾಯಿ ತುರಿದು ಹಿಂಡಿದ ಗಟ್ಟಿ ಹಾಲನ್ನು ಮೊದಲು ಬಾಣಲೆಗೆ ಹಾಕಿ, ಅದು ಒಡೆದು ಎಣ್ಣೆ ಬಿಡುವವರೆಗೆ ಕುದಿಸಿ, ಆ ಎಣ್ಣೆಯಲ್ಲೇ ಹಸಿಮೆಣಸಿನಕಾಯಿಯ ಮಸಾಲೆಯನ್ನು ಹುರಿದರು. ಘಮ ಎದ್ದ ಮೇಲೆ ತೆಳು ಹಾಲು, ಬದನೆ, ಕೊನೆಗೆ ತೆಳ್ಳಗೆ ಹೆಚ್ಚಿದ ಕಳಲೆ. ಕಳಲೆಯನ್ನು ಕಂಡದ್ದೇ ಅತ್ತೆಯವರ ಮುಖ ಅರಳಿತು. ಎಷ್ಟು ದಿನ ನೀರಿನಲ್ಲಿ ನೆನೆಹಾಕಿದ್ದಿ, ನೀರು ಬದಲಾಯಿಸಿದೆಯಾ ಎಂದು ವಿಚಾರಿಸಿ, ಮೂರು ದಿನ ಎಂದು ಕೇಳಿದ ಮೇಲಷ್ಟೇ ಬಡಿಸಿಕೊಂಡರು.

ಸಾರಿನಲ್ಲಿ, ಅಂದರೆ 'ತೊಮ್ ಯಮ್'ನಲ್ಲಿ, ತೇಲುತ್ತಿದ್ದ ದಂಟನ್ನು ಮಗ ಅಗಿದು ಉಗಿದ. ಅದು ನಮ್ಮ ಹಿತ್ತಲಿನ ಮಜ್ಜಿಗೆ ಹುಲ್ಲು. ಒಗ್ಗರಣೆಯ ಕರಿಬೇವನ್ನು ಎಲೆಯ ಅಂಚಿಗೆ ಸರಿಸುವಂತೆ ಆ ದಂಟನ್ನೂ ಶುಂಠಿಯ ಬಳಗದ ಗಟ್ಟಿ ಬಿಲ್ಲೆಗಳನ್ನೂ ಪಕ್ಕಕ್ಕಿಟ್ಟು ರಸವನ್ನಷ್ಟೇ ಕುಡಿಯಬೇಕು. ಸೀಗಡಿ ಹಾಕಿ ಮಾಡುವ 'ತೊಮ್ ಯಮ್ ಕುಂಗ್' 2024ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ. ನಮಗೆ ಬಂದದ್ದು ಅಣಬೆಯದು. ಅದರ ಖಾರ ಸೂಜಿಮೆಣಸಿನದು. ಮೆಣಸಿನಕಾಯಿ ಅಮೆರಿಕ ಖಂಡದಿಂದ ಬರುವ ಮೊದಲು ಅವರಿಗೂ ನಮ್ಮಂತೆ ಕಾಳುಮೆಣಸೇ ಗತಿಯಾಗಿತ್ತು. ಮೆಣಸಿನಕಾಯಿ ಅವರಿಗೆ ಬರೀ 'ಪ್ರಿಕ್'. ಕಾಳುಮೆಣಸನ್ನು ಇಂದಿಗೂ 'ಪ್ರಿಕ್ ಥಾಯ್', ನಮ್ಮ ದೇಶದ ಮೆಣಸು, ಎಂದೇ ಕರೆಯುತ್ತಾರೆ. ನಾವು ಒಳ್ಳೆಮೆಣಸು ಎನ್ನುವುದಿಲ್ಲವೇ, ಹಾಗೆ.

ಐದು ಜನರ ಊಟಕ್ಕೆ ಆದ ಬಿಲ್ಲು 1,150 ರೂಪಾಯಿ. ನಾಲ್ಕು ಬಟ್ಟಲನ್ನು ಐದು ಜನ ಹಂಚಿಕೊಂಡದ್ದರಿಂದ ಮೊದಲ ಸಲಕ್ಕಿಂತ ಕಡಿಮೆಯೇ ಆಯಿತು, ಹೊಟ್ಟೆ ಮಾತ್ರ ಹೆಚ್ಚು ತುಂಬಿತು. ಹಣ ಎಣಿಸುವಾಗ ಅತ್ತೆಯವರು ಆತನನ್ನು, "ಮಜ್ಜಿಗೆ ಹುಲ್ಲಿಗೆ ಎಷ್ಟು ಕೊಡುತ್ತೀಯಪ್ಪಾ?" ಎಂದು ಕೇಳಿದರು. ಬೆಂಗಳೂರಿನಿಂದ ತರಿಸುತ್ತೇನೆ, ಒಂದು ಕಟ್ಟಿಗೆ ನಲವತ್ತು ರೂಪಾಯಿ ಎಂದರು ಆತ. ಮುಂದಿನ ಶನಿವಾರ ನಾವು ಹೊರಡುವಾಗ ಅತ್ತೆಯವರ ಕೈಯಲ್ಲಿ, ಹಳೆಯ ಪತ್ರಿಕೆಯಲ್ಲಿ ಸುತ್ತಿ ಬಾಳೆನಾರಿನಿಂದ ಬಿಗಿದ ದೊಡ್ಡ ಕಟ್ಟೊಂದಿತ್ತು.

ನಮಸ್ಕಾರ.